ಅಟ್ಟಕ್ಕೆಸೆದ ಕೌದಿ

ಹೊಳೆದಂಡೆಯ ಮಠದ ಅಜ್ಜನಿಗೆ ವಯಸ್ಸಾಗಿತ್ತು. ಮೊಣಕಾಲು ನೋವು ಬೇರೆ. ಅದಕ್ಕಿಂತ ಹೆಚ್ಚಾಗಿ, ಕೇಳಿದ್ದನ್ನೇ ಕೇಳುವ ಶಿಷ್ಯರಿಂದ ಸಾಕುಸಾಕಾಗಿ ಹೋಗಿತ್ತು.

ಅಡಿವೆಪ್ಪ ಮತ್ತೆ ಬಂದ.

"ಅಜ್ಜಾರ, ಈ ಸಲ ಇನ್ನೂ ದೊಡ್ಡ ಸ್ಪೀಕರ್ ತರಬೇಕಂತ ಮಾಡೀನ್ರಿ. ಯಾವುದು ತರ್ಲಿ?"

"ಮೊನ್ನೆ ತಂದದ್ದು ಏನಾತಪಾ?"

"ಅದರಾಗೂ ಅವ್ವನ ದನಿ ಸರಿ ಬರವಲ್ದು."

ಅವನ ಅವ್ವ ತೀರಿಕೊಂಡಿದ್ದಳು. ಅವಳು ಹಾಡುವಾಗ ಇವನೇ ರೆಕಾರ್ಡ್ ಮಾಡಿಕೊಂಡಿದ್ದ ಒಂದು ಪದ ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಆ ದನಿ ಮನೆಯಲ್ಲಿ ಮೊದಲಿನ ಹಾಗೆ ಕೇಳಬೇಕು, ಇಷ್ಟೇ ಇವನ ಆಸೆ. ಸ್ಪೀಕರ್ ಪೆಟ್ಟಿಗೆ ಬದಲಿಸಿದ, ಆಂಪ್ಲಿಫೈಯರ್ ಬದಲಿಸಿದ, ಕಡೆಗೆ ವೈರನ್ನೂ ಬದಲಿಸಿದ. ಪಾಪ, ಆಸೆಯೇನೂ ತಪ್ಪಲ್ಲ.

"ರೊಕ್ಕ?"

"ಮನಿಯಾಕಿ ಕೈಯಾಗಿನ ಬಂಗಾರದ ಪಾಟಲಿ ಬಿಚ್ಚಿ ಕೊಟ್ಟಾಳ್ರಿ." ಕಿಸೆ ಮುಟ್ಟಿ ತೋರಿಸಿದ. "ಮಾರಿದ್ರಾತು."

ಅಜ್ಜ ನಿಟ್ಟುಸಿರು ಬಿಟ್ಟು ಎದ್ದ. "ನಡಿ, ನಿನ್ನ ಮನಿ ನೋಡೂಣು."

"ಈ ಬಿಸಿಲಾಗ? ನಿಮ್ಮ ಮೊಣಕಾಲು..."

"ಅದು ಕೂತ್ರೂ ನೋಯತದ. ನಡಿ."

ಅಡಿವೆಪ್ಪನ ಮನೆಯ ಕೋಣೆ ಬಣಬಣ ಅನ್ನುತ್ತಿತ್ತು. ನೆಲಕ್ಕೆ ನುಣುಪಾದ ಟೈಲ್ಸ್, ಬರಿ ಗೋಡೆ, ಎರಡು ಮೂಲೆಗೆ ಆಳೆತ್ತರದ ಎರಡು ಪೆಟ್ಟಿಗೆ. ಅಡಿವೆಪ್ಪ ಕ್ಯಾಸೆಟ್ ಹಚ್ಚಿದ. ದನಿ ಗುಂಯ್‌ಗುಟ್ಟಿತು, ಮಾತು ತಿಳಿಯಲಿಲ್ಲ. ಅವನು ಗುಂಡಿ ತಿರುವುತ್ತಲೇ ನಿಂತ.

"ಆರಿಸಪಾ ಮಾರಾಯ!"

ಅಜ್ಜ ಒಮ್ಮೆ ಚಪ್ಪಾಳೆ ತಟ್ಟಿದ. ಗೋಡೆಗಳು ತಿರುಗಿ ತಟ್ಟಿದವು.

"ಮೊದಲು ಇಲ್ಲಿ ಏನಿತ್ತು?"

"ಅವ್ವನ ಹಾಸಿಗಿ, ಆಕಿ ಹೊಲಿದ ಏಳೆಂಟು ಕೌದಿ. ಹರಕು ಅಂತ ಅಟ್ಟಕ್ಕ ಒಗದೀನ್ರಿ. ಸ್ಪೀಕರಿಗೆ ಜಾಗ ಬೇಕಿತ್ತಲ್ರಿ."

"ಪದ ಹಾಡುವಾಗ ಆಕಿ ಎಲ್ಲಿ ಕೂತಿದ್ಲು?"

"ಇಲ್ಲೇ. ಕೌದಿ ಹೊಲಕೋತ."

"ಇಳಿಸು."

ಧೂಳು ಝಾಡಿಸಿ ಕೆಲವು ಕೌದಿಗಳನ್ನು ಗೋಡೆಗೆ ತೂಗುಹಾಕಿದರು, ಉಳಿದವನ್ನು ನೆಲಕ್ಕೆ ಹಾಸಿದರು. ಪೆಟ್ಟಿಗೆಗಳನ್ನು ಮೂಲೆಯಿಂದ ಈಚೆ ಎಳೆದರು. ಅಜ್ಜನಿಗೆ ಕೆಮ್ಮು ಹತ್ತಿತು.

"ಖಾಲಿ ಗುಡಿಯಾಗ ಪುರಾಣ ಹೇಳಿ ಹೇಳಿ ನನ್ನ ಗಂಟಲು ಹೋತು. ಮಂದಿ ತುಂಬಿ ಕುಂತ್ರನ ಮಾತು ತಿಳಿಯೂದು. ಹಚ್ಚು ಈಗ. ಸಣ್ಣಗ."

ಅವ್ವ ಹಾಡಿದಳು, ಪಕ್ಕದಲ್ಲೇ ಕೂತ ಹಾಗೆ. ಸೂಜಿಗೆ ದಾರ ಪೋಣಿಸಲು ತಡೆದು ಉಸಿರೆಳೆದದ್ದೂ ಕೇಳಿಸಿತು. ಪದ ಮುಗಿಯಿತು. ಇಷ್ಟು ದಿನ ಬರೀ ಗುಂಯ್ ಎನ್ನುತ್ತಿದ್ದ ಕಡೆ ಈಗ ಅವಳ ಮಾತು ಬಂತು.

"ಸಾಕು, ಆರಿಸೋ ಅಡಿವ್ಯಾ. ಎಷ್ಟೊತ್ತಂತ ಆ ಟೇಪಿನ ಕಿವಿ ಹಿಂಡ್ತಿ? ಇಲ್ಲಿ ಬಾ, ನನ್ನ ಹತ್ರ ತುಸು ಕೂಡು."

ಅಡಿವೆಪ್ಪನಿಗೆ ಅಳು ತಡೆಯಲಾಗಲಿಲ್ಲ. ಕಿಸೆಯಿಂದ ಪಾಟಲಿ ತೆಗೆದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಗಿಟ್ಟ. ಆದರೂ ಅವನ ಕೈ ಮತ್ತೆ ಗುಂಡಿಯ ಕಡೆಗೇ ಹೋಯಿತು.

"ಅಜ್ಜಾರ, ಇನ್ನೇನು ಮಾಡ್ಲಿ?"

ಅಜ್ಜ ಕೌದಿಗೆ ಒರಗಿ ಕಣ್ಣು ಮುಚ್ಚಿದ್ದ.

"ಅವ್ವ ಹೇಳಿದ್ದು ಕೇಳಿಸ್ತಲ್ಲ? ಕೂಡು."