ಹೊಸ ಕಪಾಟಿನ ಹಿಂದೆ ಎರಡು ಮೊಟ್ಟೆ

ಕೂಸುಗಳೇ, ಹತ್ತಿರ ಬನ್ನಿ. ನಮಗೆ ಉಸಿರು ಕೊಟ್ಟವನೇ ಹಲ್ಲಿಗೂ ಉಸಿರು ಕೊಟ್ಟಿದ್ದಾನೆ. ಅವನಿಗೆ ಒಂದು ಸಲ ಕೈ ಮುಗಿಯಿರಿ. ಮುಗಿದಿರಾ? ಈಗ ಕೇಳಿ.

ಒಂದು ಊರಲ್ಲಿ ಪಂಕಜಮ್ಮನ ಮನೆ. ಮನೆಯೊಳಗೆ ಅಡುಗೆಮನೆ. ಅಡುಗೆಮನೆ ಗೋಡೆಗೆ ಒಂದು ಹಳೆಯ ನಾಗಂದಿಗೆ. ನಾಗಂದಿಗೆ ಅಂದರೆ ಬೇಳೆ ಡಬ್ಬಿ, ಉಪ್ಪಿನ ಜಾಡಿ ಇಡುವ ಮರದ ಹಲಗೆ. ಹಲಗೆಯ ಹಿಂದೆ ಗೋಡೆಯಲ್ಲಿ ಒಂದು ಬಿರುಕು. ಬಿರುಕಿನಲ್ಲಿ ಎರಡು ಮೊಟ್ಟೆ. ಬೆಳ್ಳನೆಯ ಮೊಟ್ಟೆ, ಪುಟಾಣಿ ಮೊಟ್ಟೆ. ಅವು ಹಲ್ಲಿಯ ಮೊಟ್ಟೆ.

ಪಂಕಜಮ್ಮನಿಗೆ ನಾಗಂದಿಗೆ ಬೇಡವಾಯಿತು. "ಮಸಿ ಹಿಡಿದಿದೆ," ಅಂದಳು. "ಎದುರುಮನೆಯೋರಿಗೆ ಬಾಗಿಲಿರೋ ಕಪಾಟಿದೆ. ನಮಗಿಲ್ಲ," ಅಂದಳು.

ನಾಗಂದಿಗೆ ಕಿತ್ತರು. ಹೊಸ ಕಪಾಟು ತಂದರು. ನೆಲದಿಂದ ಸೂರಿನವರೆಗೆ ಕಪಾಟು. ಮಿರಿಮಿರಿ ಬಾಗಿಲು. ಮಿರಿಮಿರಿ ಹಿಡಿ. ಗೋಡೆಗೆ ಒತ್ತಿ ನಿಲ್ಲಿಸಿದರು. ಕಿರ್, ಕಿರ್, ಕಿರ್, ಕಿರ್. ನಾಲ್ಕು ಸ್ಕ್ರೂ ಬಿಗಿದರು.

ಹಲ್ಲಿ ಹುಳ ಹಿಡಿಯಲು ಹೋಗಿತ್ತು. ತಿರುಗಿ ಬಂತು. ನಾಗಂದಿಗೆ ಇಲ್ಲ. ಬಿರುಕು ಇಲ್ಲ. ಮೊಟ್ಟೆ ಇಲ್ಲ. ಕಪಾಟು ಇದೆ.

ಹಲ್ಲಿ ಕಪಾಟಿಗೆ ಕಿವಿ ಇಟ್ಟಿತು. ಒಳಗಿಂದ ಸದ್ದು ಬಂತು. ಟುಕ್.

ಮರಿ ಮೊಟ್ಟೆ ಕುಟ್ಟುತ್ತಿದೆ. ಮರಿ ಹೊರಗೆ ಬರಬೇಕು. ಬರಲು ದಾರಿ ಎಲ್ಲಿದೆ?

ಹಲ್ಲಿ ಆಚಾರಿಯ ಹತ್ತಿರ ಹೋಯಿತು. ಕಪಾಟು ಕೂರಿಸಿದವನು ಅವನೇ, ಮೌನೇಶಾಚಾರಿ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಆಚಾರಣ್ಣ, ಆಚಾರಣ್ಣ, ಕಪಾಟಿನ ಹಿಂದೆ ನನ್ನ ಎರಡು ಮೊಟ್ಟೆ. ಒಂದು ಸ್ಕ್ರೂ ಸಡಿಲಿಸು. ಬೆರಳಷ್ಟು ಸಂದು ಬಿಡು."

"ನಿನ್ನ ಮೊಟ್ಟೆ, ಜಿರಳೆ ಮೊಟ್ಟೆ, ಎಲ್ಲಾ ನೋಡ್ಕೊಂಡು ಕೆಲಸ ಮಾಡಿದ್ರೆ ನಾನು ಊಟ ಮಾಡೋದು ಯಾವಾಗ, ತಂಗೀ?" ಅಂದ ಆಚಾರಿ. "ಬಿಗಿ ಅಂದ್ರು, ಬಿಗಿದೆ. ಸಡಿಲಿಸು ಅಂದ್ರೆ ಸಡಿಲಿಸ್ತೀನಿ. ಅನ್ನಬೇಕಾದೋರು ಅಮ್ಮಾವ್ರು. ಹೋಗು, ಅವರನ್ನ ಕೇಳು."

ಹಲ್ಲಿ ಸರಸರ ಪಂಕಜಮ್ಮನ ಹತ್ತಿರ ಹೋಯಿತು. ಪಂಕಜಮ್ಮ ಸೆರಗಿನಿಂದ ಕಪಾಟಿನ ಹಿಡಿ ಒರೆಸುತ್ತಿದ್ದಳು.

"ಅಮ್ಮಾವ್ರೇ, ಅಮ್ಮಾವ್ರೇ, ಕಪಾಟಿನ ಹಿಂದೆ ನನ್ನ ಎರಡು ಮೊಟ್ಟೆ. ಆಚಾರಿ ಸ್ಕ್ರೂ ಸಡಿಲಿಸ. ನೀವು ಅಪ್ಪಣೆ ಕೊಡಿ."

"ದೂರ ಹೋಗೇ, ಹಿಡಿ ಮೇಲೆ ಹರೀಬೇಡ," ಅಂದಳು ಪಂಕಜಮ್ಮ. "ಹೊಸ ಅಡುಗೆಮನೇಲಿ ಮೊದಲು ಹಾಲು ಉಕ್ಕಿಸಬೇಕು. ಅಲ್ಲಿವರೆಗೆ ಕಪಾಟು ತೆಗೆಯೋ ಹಾಗಿಲ್ಲ, ಅಲ್ಲಾಡಿಸೋ ಹಾಗಿಲ್ಲ. ಜೋಯಿಸರು ಹೂಂ ಅಂದ್ರೆ ನಾನೂ ಹೂಂ. ಹೋಗು, ಅವರನ್ನ ಕೇಳು."

ಕಪಾಟಿನ ಹಿಂದೆ ಸದ್ದು. ಟುಕ್ ಟುಕ್.

ಹಲ್ಲಿ ಸರಸರ ಜೋಯಿಸರ ಹತ್ತಿರ ಹೋಯಿತು. ಜೋಯಿಸರು ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಪಂಚಾಂಗ ತೊಡೆಯ ಮೇಲೆ, ಕನ್ನಡಕ ಹಣೆಯ ಮೇಲೆ.

"ಜೋಯಿಸರೇ, ಜೋಯಿಸರೇ, ಕಪಾಟಿನ ಹಿಂದೆ ನನ್ನ ಎರಡು ಮೊಟ್ಟೆ. ಆಚಾರಿ ಸ್ಕ್ರೂ ಸಡಿಲಿಸ. ಅಮ್ಮಾವ್ರು ಅಪ್ಪಣೆ ಕೊಡರು. ನೀವು ಹೂಂ ಅನ್ನಿ."

"ಹಲ್ಲಿ ಲೊಚಗುಟ್ಟಿದರೆ ಏನು ಫಲ ಅಂತ ಇದರಲ್ಲಿ ಬರೆದಿದೆ," ಅಂದರು ಜೋಯಿಸರು. "ಹಲ್ಲಿ ಅತ್ತರೆ ಏನು ಮಾಡಬೇಕು ಅಂತ ಬರೆದಿಲ್ಲ. ಹಾಲು ಉಕ್ಕಿ ಚೆಲ್ಲಲಿ, ಆಮೇಲೆ ಹೂಂ ಅಂತೀನಿ. ಹೋಗು, ಹಾಲನ್ನ ಕೇಳು."

ಹಲ್ಲಿ ಸರಸರ ಹಾಲಿನ ಹತ್ತಿರ ಹೋಯಿತು. ಹಾಲು ಹೊಸ ಪಾತ್ರೆಯಲ್ಲಿತ್ತು. ಪಾತ್ರೆಯ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದ್ದರು.

"ಹಾಲಮ್ಮ, ಹಾಲಮ್ಮ, ಕಪಾಟಿನ ಹಿಂದೆ ನನ್ನ ಎರಡು ಮೊಟ್ಟೆ. ಆಚಾರಿ ಸ್ಕ್ರೂ ಸಡಿಲಿಸ. ಅಮ್ಮಾವ್ರು ಅಪ್ಪಣೆ ಕೊಡರು. ಜೋಯಿಸರು ಹೂಂ ಅನ್ನರು. ನೀನು ಉಕ್ಕು."

"ತಣ್ಣಗೆ ಕೂತಿದ್ದೀನಿ, ಸುಖವಾಗಿ ಕೂತಿದ್ದೀನಿ," ಅಂತು ಹಾಲು. "ನಾನಾಗಿ ಯಾಕೆ ಉಕ್ಕಲಿ? ಒಲೆ ಉರಿದ್ರೆ ಉಕ್ತೀನಿ. ಹೋಗು, ಒಲೇನ ಕೇಳು."

ಹಲ್ಲಿ ಸರಸರ ಒಲೆಯ ಹತ್ತಿರ ಹೋಯಿತು. ಒಲೆಯೂ ಹೊಸದು. ಮೈತುಂಬ ಕುಂಕುಮದ ಬೊಟ್ಟು.

"ಒಲೆಯಕ್ಕ, ಒಲೆಯಕ್ಕ, ಕಪಾಟಿನ ಹಿಂದೆ ನನ್ನ ಎರಡು ಮೊಟ್ಟೆ. ಆಚಾರಿ ಸ್ಕ್ರೂ ಸಡಿಲಿಸ. ಅಮ್ಮಾವ್ರು ಅಪ್ಪಣೆ ಕೊಡರು. ಜೋಯಿಸರು ಹೂಂ ಅನ್ನರು. ಹಾಲು ಉಕ್ಕದು. ನೀನು ಉರಿ."

"ನನ್ನ ಅಲಂಕಾರ ನೋಡಿದೆಯಾ?" ಅಂತು ಒಲೆ. "ಇಷ್ಟು ಚೆಂದ ಕೂತಿರೋಳು ಕರೆಯದೆ ಉರೀತಾಳಾ? ಕಡ್ಡಿ ಬಂದು ಮುಟ್ಟಲಿ, ಉರೀತೀನಿ. ಹೋಗು, ಕಡ್ಡೀನ ಕೇಳು."

ಟುಕ್ ಟುಕ್ ಟುಕ್. ಒಂದು ಮೊಟ್ಟೆ ಒಡೆಯಿತು. ಕಪಾಟಿನ ಹಿಂದಿಂದ ಸಣ್ಣ ದನಿ ಬಂತು. "ಅವ್ವಾ, ಇಲ್ಲಿ ಕತ್ತಲು."

"ಬಂದೆ ಕಂದಾ," ಅಂತು ಹಲ್ಲಿ. ಸರಸರ ಬೆಂಕಿಕಡ್ಡಿಯ ಹತ್ತಿರ ಹೋಯಿತು. ಕಡ್ಡಿ ಒದ್ದೆ ಪೊಟ್ಟಣದಲ್ಲಿ ಒಂಟಿಯಾಗಿ ಮಲಗಿತ್ತು.

"ಕಡ್ಡಿಯಣ್ಣ, ಕಡ್ಡಿಯಣ್ಣ, ಕಪಾಟಿನ ಹಿಂದೆ ಒಂದು ಮೊಟ್ಟೆ, ಒಂದು ಮರಿ. ಆಚಾರಿ ಸ್ಕ್ರೂ ಸಡಿಲಿಸ. ಅಮ್ಮಾವ್ರು ಅಪ್ಪಣೆ ಕೊಡರು. ಜೋಯಿಸರು ಹೂಂ ಅನ್ನರು. ಹಾಲು ಉಕ್ಕದು. ಒಲೆ ಉರಿಯದು. ನೀನು ಹತ್ತಿಕೋ."

"ನೆಲ ತೊಳೆದ ನೀರು ನನ್ನ ಪೊಟ್ಟಣಕ್ಕೆ ನುಗ್ತು," ಅಂತು ಕಡ್ಡಿ. "ನಮ್ಮಣ್ಣಂದಿರನ್ನೆಲ್ಲ ಅಮ್ಮಾವ್ರು ಗೀರಿ ಗೀರಿ ಮುರಿದು ಹಾಕಿದ್ರು. ಉಳಿದೋನು ನಾನೊಬ್ಬ."

"ಬೇರೆ ಪೊಟ್ಟಣ ಇಲ್ಲವಾ?"

"ಇದೆ. ಹೊಸ ಕಪಾಟಿನೊಳಗಿದೆ. ಹಾಲು ಉಕ್ಕೋವರೆಗೆ ಕಪಾಟು ತೆಗೆಯೋ ಹಾಗಿಲ್ಲ."

ನಗಬೇಡಿ ಕೂಸುಗಳೇ. ದೊಡ್ಡವರು ಹೀಗೂ ಮಾಡುತ್ತಾರೆ.

"ಬಿಸಿಲು ಬಂದ್ರೆ ಒಣಗ್ತೀನಿ, ಒಣಗಿದ್ರೆ ಹತ್ಕೋತೀನಿ," ಅಂತು ಕಡ್ಡಿ. "ದಿನಾ ಬರ್ತಿತ್ತು. ಇವತ್ತು ಯಾಕೋ ಬಂದಿಲ್ಲ. ಹೋಗು, ಸೂರ್ಯಪ್ಪನ್ನ ಕೇಳು."

ಹಲ್ಲಿ ಸರಸರ ಹಂಚಿನ ಮೇಲೆ ಹತ್ತಿತು. ಆಕಾಶ ನೋಡಿತು.

"ಸೂರ್ಯಪ್ಪ, ಸೂರ್ಯಪ್ಪ, ಕಪಾಟಿನ ಹಿಂದೆ ಒಂದು ಮೊಟ್ಟೆ, ಒಂದು ಮರಿ. ಆಚಾರಿ ಸ್ಕ್ರೂ ಸಡಿಲಿಸ. ಅಮ್ಮಾವ್ರು ಅಪ್ಪಣೆ ಕೊಡರು. ಜೋಯಿಸರು ಹೂಂ ಅನ್ನರು. ಹಾಲು ಉಕ್ಕದು. ಒಲೆ ಉರಿಯದು. ಕಡ್ಡಿ ಹತ್ತದು. ನೀನು ಅಡುಗೆಮನೆಗೆ ಬಾ."

"ಎಲ್ಲಿಂದ ಬರಲಿ?" ಅಂದ ಸೂರ್ಯ. "ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ. ಅದರ ಮುಂದೆ ಕಪಾಟು ನಿಂತಿದೆ. ಆಚಾರಿ ಕಪಾಟು ಸರಿಸಿದರೆ ಬರ್ತೀನಿ. ಹೋಗು, ಅವನನ್ನ ಕೇಳು."

ಅಷ್ಟು ಹೇಳಿ ಸೂರ್ಯ ಮೋಡದ ಹಿಂದೆ ಹೋದ.

ಹಲ್ಲಿ ಮತ್ತೆ ಜಗಲಿಗೆ ಬಂತು. ಅದಕ್ಕೆ ಸುಸ್ತಾಗಿತ್ತು. ಬಾಲ ಎಳೆಯುತ್ತ ಬಂತು.

"ಆಚಾರಣ್ಣ, ಆಚಾರಣ್ಣ, ಅಮ್ಮಾವ್ರು ಅಪ್ಪಣೆ ಕೊಡರು. ಜೋಯಿಸರು ಹೂಂ ಅನ್ನರು. ಹಾಲು ಉಕ್ಕದು. ಒಲೆ ಉರಿಯದು. ಕಡ್ಡಿ ಹತ್ತದು. ಬಿಸಿಲು ಬಾರದು. ನೀನು ಸ್ಕ್ರೂ ಸಡಿಲಿಸು."

ಆಚಾರಿ ಎಲೆ ಮಡಿಸಿ ಬಾಯಿಗೆ ಇಟ್ಟುಕೊಂಡ. "ಆಗಲೇ ಹೇಳಿದ್ನಲ್ಲ ತಂಗೀ," ಅಂದ. "ಅಮ್ಮಾವ್ರನ್ನ ಕೇಳು."

ಕಪಾಟಿನ ಹಿಂದಿಂದ ದನಿ ಬಂತು. ಈ ಸಲ ಎರಡು ದನಿ. "ಅವ್ವಾ, ಇಲ್ಲಿ ಕತ್ತಲು. ಅವ್ವಾ, ಇಲ್ಲಿ ಗಾಳಿ ಇಲ್ಲ. ಅವ್ವಾ, ಬಣ್ಣದ ವಾಸನೆ."

ಹಲ್ಲಿ "ಬಂದೆ ಕಂದಾ" ಅನ್ನಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಅದಕ್ಕೇ ಗೊತ್ತಿರಲಿಲ್ಲ. ಗೋಡೆ ಹಿಡಿದು ಸುಮ್ಮನೆ ನಡೆಯಿತು. ಉಗ್ರಾಣದ ಮೂಲೆಗೆ ಬಂತು.

ಆ ಮೂಲೆಯಲ್ಲಿ ದೇವರಿದ್ದ. ಮೊದಲು ಅವನೂ ಅಡುಗೆಮನೆಯಲ್ಲೇ ಇದ್ದ. ಕಪಾಟಿಗೆ ಜಾಗ ಸಾಲಲಿಲ್ಲ. ದೇವರ ಪಟ ತಂದು ಇಲ್ಲಿ ಮೊಳೆಗೆ ತೂಗುಹಾಕಿದರು. ದೇವರು ಏನೂ ಅನ್ನದೆ ಬಂದಿದ್ದ. ಪಟದ ಮುಂದೆ ಒಂದು ದೀಪ. ಸಣ್ಣಗೆ ಉರಿಯುತ್ತಿತ್ತು. ಮನೆಯವರಿಗೆ ಅದರ ನೆನಪೇ ಇರಲಿಲ್ಲ.

"ಯಾಕಮ್ಮ ಅಳ್ತೀಯ?" ಅಂತು ದೀಪ.

ಇವತ್ತು ಹೀಗೆ ಕೇಳಿದ್ದು ದೀಪವೇ ಮೊದಲು. ಹಲ್ಲಿ ಹೇಳಿತು. "ಕಪಾಟಿನ ಹಿಂದೆ ನನ್ನ ಎರಡು ಮರಿ. ಆಚಾರಿ ಸ್ಕ್ರೂ ಸಡಿಲಿಸ. ಅಮ್ಮಾವ್ರು ಅಪ್ಪಣೆ ಕೊಡರು. ಜೋಯಿಸರು ಹೂಂ ಅನ್ನರು. ಹಾಲು ಉಕ್ಕದು. ಒಲೆ ಉರಿಯದು. ಕಡ್ಡಿ ಹತ್ತದು. ಬಿಸಿಲು ಬಾರದು."

"ಕಡ್ಡೀನ ಇಲ್ಲಿಗೆ ತಾ," ಅಂತು ದೀಪ. "ನಾನು ಒಣಗಿಸ್ತೀನಿ. ಬೇಗ ತಾ. ಎಣ್ಣೆ ಒಂದೇ ಹನಿ ಇದೆ."

ಹಲ್ಲಿ ಓಡಿತು. ಈ ಸಲ ಕಡ್ಡಿಯಣ್ಣ ಅನ್ನಲಿಲ್ಲ. ಬರ್ತೀಯಾ ಅಂತ ಕೇಳಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ತಂದಿತು. ದೀಪದ ಪಕ್ಕ ಹಿಡಿಯಿತು. ಹಲ್ಲಿಯ ಮೂಗು ಸುಟ್ಟಿತು. ಹಲ್ಲಿ ಬಿಡಲಿಲ್ಲ. ಕಡ್ಡಿ ಒಣಗಿತು. ಎಣ್ಣೆ ಮುಗಿಯಿತು. ದೀಪ ಆರಿತು.

ಹಲ್ಲಿ ಓಡಿ ಕಡ್ಡಿಯನ್ನು ಪೊಟ್ಟಣದ ಮೇಲೆ ಇಟ್ಟಿತು. ಪಂಕಜಮ್ಮ ಬಂದಳು. ಮತ್ತೊಮ್ಮೆ ಗೀರಿ ನೋಡಿದಳು. ಚರ್.

ಕಡ್ಡಿ ಹತ್ತಿತು.
ಕಡ್ಡಿ ಹತ್ತಿತು, ಒಲೆ ಉರಿಯಿತು.
ಒಲೆ ಉರಿಯಿತು, ಹಾಲು ಉಕ್ಕಿತು.
ಹಾಲು ಉಕ್ಕಿತು, ಜೋಯಿಸರು ಹೂಂ ಅಂದರು.
ಜೋಯಿಸರು ಹೂಂ ಅಂದರು, ಪಂಕಜಮ್ಮ ಅಪ್ಪಣೆ ಕೊಟ್ಟಳು. "ಆ ಹಲ್ಲಿ ಗೋಳು ಸಾಕಾಯ್ತು, ಬಿಚ್ಚಿಬಿಡು ಆಚಾರಿ," ಅಂದಳು.
ಪಂಕಜಮ್ಮ ಅಪ್ಪಣೆ ಕೊಟ್ಟಳು, ಆಚಾರಿ ಸ್ಕ್ರೂ ಸಡಿಲಿಸಿದ. ಕಿರ್.

ಬೆರಳಷ್ಟು ಸಂದು ಆಯಿತು.

ಸಂದಿನಿಂದ ಒಂದು ಮರಿ ಬಂತು. ಹಲ್ಲಿ ಕಾದಿತು. ಕಾದಿತು. ಎರಡನೆಯ ಮರಿ ಬಂತು. ನಡೆಯಲು ಬರದೆ ತೆವಳಿಕೊಂಡು ಬಂತು. ಎರಡೂ ಅವ್ವನ ಹೊಟ್ಟೆಗೆ ಒತ್ತಿಕೊಂಡವು.

"ನಾನು ಸಡಿಲಿಸಿದ್ದಕ್ಕೆ ಬಂದ್ವು," ಅಂದ ಆಚಾರಿ.
"ನಾನು ಅಪ್ಪಣೆ ಕೊಟ್ಟಿದ್ದಕ್ಕೆ," ಅಂದಳು ಪಂಕಜಮ್ಮ.
"ನಾನು ಹೂಂ ಅಂದದ್ದಕ್ಕೆ," ಅಂದರು ಜೋಯಿಸರು.
"ನಾನು ಉಕ್ಕಿದ್ದಕ್ಕೆ," ಅಂತು ಹಾಲು.
"ನಾನು ಉರಿದದ್ದಕ್ಕೆ," ಅಂತು ಒಲೆ.

ಕಡ್ಡಿ ಕರಿಕಾಗಿ ನೆಲದ ಮೇಲೆ ಬಿದ್ದಿತ್ತು.

ಆಮೇಲೆ ಪಂಕಜಮ್ಮ ಕರ್ಪೂರ ತರಲು ಉಗ್ರಾಣಕ್ಕೆ ಹೋದಳು. ದೇವರ ಮುಂದೆ ಕತ್ತಲೆ.

"ದೀಪ ಆರಿದೆ," ಅಂದಳು. "ಎಣ್ಣೆ ಯಾರು ಕುಡಿದದ್ದು?"

"ಹಲ್ಲಿ," ಅಂದ ಆಚಾರಿ.
"ಹಲ್ಲಿಯೇ," ಅಂದರು ಜೋಯಿಸರು. "ದೇವರ ಎಣ್ಣೆ ಕುಡಿಯೋದು ಅದರ ಜಾತಕದಲ್ಲೇ ಇದೆ."

ಹಾಲು ಸುಮ್ಮನಿತ್ತು. ಒಲೆ ಸುಮ್ಮನಿತ್ತು.

"ಶುಭದ ದಿನ ಇಂಥ ಕೆಲಸ ಮಾಡಿತಲ್ಲ," ಅಂದಳು ಪಂಕಜಮ್ಮ. ಪೊರಕೆ ತೆಗೆದಳು. ಆಚಾರಿ ಸ್ಕ್ರೂ ಮತ್ತೆ ಬಿಗಿದ. ಕಿರ್.

ಹಲ್ಲಿ ಮರಿಗಳನ್ನು ಕರೆದುಕೊಂಡು ಓಡಿತು. ಗೋಡೆಯ ಮೇಲೆ ಓಡಿತು, ಬಾಗಿಲ ಮೇಲೆ ಓಡಿತು. ಪೊರಕೆ ಹಿಂದೆಯೇ ಬಂತು. ಉಗ್ರಾಣದ ಕತ್ತಲೆ ಮೂಲೆಗೆ ಬಂದಾಗ ಪೊರಕೆಗೆ ಕಣ್ಣು ಕಾಣಲಿಲ್ಲ.

ಅಲ್ಲಿ ದೇವರ ಪಟ ದಾರಕ್ಕೆ ಜೋತು, ಮುಂದಕ್ಕೆ ವಾಲಿ ನಿಂತಿತ್ತು. ಅದರ ಹಿಂದೆ ಮೂರು ಜೀವಕ್ಕೆ ಆಗುವಷ್ಟು ಜಾಗ.

"ಸ್ವಾಮೀ," ಅಂತು ಹಲ್ಲಿ. ಮುಂದೆ ಹೇಳಲು ಅದಕ್ಕೆ ಉಸಿರಿರಲಿಲ್ಲ.

ಹಲ್ಲಿ ಪಟದ ಹಿಂದೆ ಹೋಯಿತು. ಒಂದು ಮರಿ ಹೋಯಿತು. ಇನ್ನೊಂದು ಮರಿ ತೆವಳಿಕೊಂಡು ಹೋಯಿತು.

ದೇವರು ಬೇಡ ಅನ್ನಲಿಲ್ಲ, ಕೂಸುಗಳೇ. ಇನ್ನೊಬ್ಬರನ್ನ ಕೇಳು ಅಂತಲೂ ಅನ್ನಲಿಲ್ಲ.