ಅಜ್ಜನವರನ್ನು ಕೊನೆಗೆ ಕೇಳುತ್ತಿದ್ದ ಮಾತು

ಪೂಜ್ಯ ಬಯಲಾನಂದ ಅಜ್ಜನವರು ಮತೋಂಡೊದಲ್ಲಿ ಹದಿಮೂರು ವರ್ಷ ಇದ್ದರು. ಅದು ಪೂರ್ವ ಆಫ್ರಿಕದ ಒಂದು ಒಣ ಊರು. ಕೆಂಪು ಮಣ್ಣು, ಮುಳ್ಳಿನ ಗಿಡ, ಆಡು. ಒಂದೇ ಕಾಲುದಾರಿ, ಅದರ ಎರಡೂ ಬದಿಗೆ ನಲವತ್ತು ಗುಡಿಸಲು. ದಾರಿಯ ಈ ತುದಿಗೆ ಅಜ್ಜನವರ ಗುಡಿಸಲು, ಆ ತುದಿಗೆ ಮಣ್ಣಿನ ಗೋಡೆಯ ಶಾಲೆ. ಆ ದೇಶದಲ್ಲಿ ಅಂಗಡಿ ಇಟ್ಟಿದ್ದ ಭಕ್ತರೊಬ್ಬರು ಕರೆದರೆಂದು ಅಜ್ಜನವರು ಒಂದು ತಿಂಗಳಿಗೆ ಹೋಗಿದ್ದರು. ಶಾಲೆಗೆ ಮಾಸ್ತರರಿಲ್ಲದ್ದನ್ನು ಕಂಡರು. ಅಲ್ಲೇ ಕುಳಿತರು. ಒಂದು ಚಾಪೆ, ಒಂದು ತಂಬಿಗೆ, ಎರಡು ಕಾವಿ ಬಟ್ಟೆ. ಅವರ ಸಂಸಾರ ಇಷ್ಟೇ.

ಆ ಊರಿಗೆ ಕಳಕಪ್ಪ ಹೋದದ್ದು ಕೈಪಂಪಿನ ಕೆಲಸ ಕಲಿಸಲಿಕ್ಕೆ.

ಕಳಕಪ್ಪ ಗಜೇಂದ್ರಗಡದ ಕಡೆಯವನು. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಕೈಪಂಪು ದುರಸ್ತಿ ಮಾಡಿದವನು. ಓದಿದ್ದು ನಾಲ್ಕನೆಯ ಇಯತ್ತೆ. ಮತೋಂಡೊದಲ್ಲಿ ನಮ್ಮ ಕಡೆ ಊರೂರಿಗೂ ಇರುವಂಥದೇ ಒಂದು ಪಂಪು ಇದೆ, ಕೆಟ್ಟು ಮೂರು ವರ್ಷವಾಯಿತು, ಹೆಂಗಸರು ನೀರಿಗೆ ಎರಡು ಹರದಾರಿ ನಡೆಯುತ್ತಾರೆ, ಅದನ್ನು ರಿಪೇರಿ ಮಾಡಲು ಊರವರಿಗೇ ಕಲಿಸುವಂಥವರು ಬೇಕು ಎಂದು ಅಜ್ಜನವರು ಕಳಕಪ್ಪನ ಊರಿನ ಮಠಕ್ಕೆ ಬರೆದಿದ್ದರು. ಆರು ತಿಂಗಳ ಸೇವೆ. ಸಂಬಳವಿಲ್ಲ. ಹೋಗುತ್ತೀಯಾ ಎಂದು ಮಠದವರು ಕೇಳಿದ ಮರುದಿನವೇ ಕಳಕಪ್ಪ ಹೂಂ ಎಂದ.

ಭಕ್ತಿಯಿಂದ ಅಂದದ್ದಲ್ಲ. ಭಕ್ತಿ ಇದ್ದದ್ದು ಹೆಂಡತಿ ಹುಲಿಗೆವ್ವನಿಗೆ. ಅಮಾವಾಸ್ಯೆಗೊಮ್ಮೆ ಆಕೆ ಮಠದೊಳಗೆ ಹೋದರೆ ಇವನು ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂಡುತ್ತಿದ್ದ. ಆ ಹುಲಿಗೆವ್ವ ಹೋಗಿ ಐದು ತಿಂಗಳಾಗಿತ್ತು. ಊರಲ್ಲಿ ಯಾರು ಸಿಕ್ಕರೂ ಅದೇ ಮಾತು. ಚಹದ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ. ಪಾಪ, ಹಿಂಗಾಗಬಾರದಿತ್ತು. ಅವನಿಗೆ ಸಾಕಾಗಿತ್ತು. ಸಮುದ್ರದಾಚೆ ಹುಲಿಗೆವ್ವ ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ, ಯಾರೂ ಕೇಳುವುದಿಲ್ಲ ಎಂದುಕೊಂಡು ವಿಮಾನ ಹತ್ತಿದ.

ಮಠದವರು ಪತ್ರದಲ್ಲಿ ಎಲ್ಲ ತಿಳಿಸಿದ್ದರು. ಆದರೂ ಅಜ್ಜನವರು ಆ ವಿಷಯ ಎತ್ತಲಿಲ್ಲ. ಆ ಒಂದಕ್ಕೆ ಕಳಕಪ್ಪನಿಗೆ ಅವರು ಹಿಡಿಸಿದರು.

ಬಂದ ದಿನವೇ ಅಜ್ಜನವರು ಅವನಿಗೆ ಆ ಊರಿನ ಕುಶಲಪ್ರಶ್ನೆ ಕಲಿಸಿದರು. ಅಲ್ಲಿ ಎದುರು ಬಂದವರ ಕೈ ಹಿಡಿದು ಎಲ್ಲ ಕೇಳಬೇಕು. ಮನೆ ಹೇಗಿದೆ, ದಾರಿ ಹೇಗಿತ್ತು, ಮಳೆ ಹೇಗಿದೆ, ಆಡು ಹೇಗಿವೆ, ಮಕ್ಕಳು ಹೇಗಿದ್ದಾರೆ, ಹೆಂಡತಿ ಹೇಗಿದ್ದಾಳೆ. ಒಂದೊಂದಕ್ಕೂ ಚೆನ್ನಾಗಿದೆ ಎನ್ನಬೇಕು. ಆಮೇಲೆ ಅವರನ್ನೂ ಅಷ್ಟನ್ನೂ ಕೇಳಬೇಕು. ಮುಗಿಯುವ ತನಕ ಕೈ ಬಿಡುವಂತಿಲ್ಲ.

ಮರುದಿನ ಮೊದಲ ಗುಡಿಸಲಿನ ನಲೇರೊ ಅವನ ಕೈ ಹಿಡಿದಳು. ಎಪ್ಪತ್ತು ದಾಟಿದ ಮುದುಕಿ. ಅಲ್ಲಿ ಹಿರಿಯ ಹೆಂಗಸರನ್ನು ಮಾಮಾ ಎನ್ನಬೇಕು. ಮುದುಕಿಗೆ ಮಾಮಾ ಎನ್ನಲು ಕಳಕಪ್ಪನಿಗೆ ನಗು ಬಂತು, ಹೇಗೋ ಅಂದ. ಮನೆ ಚೆನ್ನಾಗಿದೆ. ದಾರಿ ಚೆನ್ನಾಗಿತ್ತು. ಮಳೆ ಚೆನ್ನಾಗಿದೆ. ಆಡು ಇಲ್ಲ ಎಂದು ಕೈ ಆಡಿಸಿದಾಗ ಅಂಗಳದವರೆಲ್ಲ ನಕ್ಕರು. ಒಂದೂ ಆಡಿಲ್ಲದ ಗಂಡಸನ್ನು ಅವರು ಕಂಡಿರಲಿಲ್ಲ. ಕುಷ್ಟಗಿಯಲ್ಲಿ ಕೊಟ್ಟ ಮಗಳು ಚೆನ್ನಾಗಿದ್ದಾಳೆ. ಆಮೇಲೆ ನಲೇರೊ ಕೇಳಿದಳು: ಹೆಂಡತಿ?

ಕಳಕಪ್ಪ ಕೈ ಬಿಡಿಸಿಕೊಂಡ. ಪಂಪಿನ ಕಡೆ ನಡೆದುಬಿಟ್ಟ.

ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನದಿಂದ ಅವನು ಕಾಲುದಾರಿಗೆ ಹೋಗಲಿಲ್ಲ. ಗುಡಿಸಲುಗಳ ಹಿಂದೆ ಮುಳ್ಳುಬೇಲಿಯ ಪಕ್ಕ ಒಂದು ಸಂದು ಇತ್ತು. ಅದರಲ್ಲಿ ಹೋದರೆ ಹತ್ತು ನಿಮಿಷಕ್ಕೆ ಶಾಲೆಯ ಹತ್ತಿರದ ಪಂಪು. ಅಲ್ಲಿ ನಟ್ಟು ತಿರುಗಿಸುವ ಪಾನಾ, ಕ್ಲಾಂಪು, ಹೊಸ ಚರ್ಮದ ವಾಷರು ಎಲ್ಲವನ್ನೂ ಒಂದು ಗೋಣಿಚೀಲದ ಮೇಲೆ ಜೋಡಿಸಿ ಕಲಿಯುವವರಿಗೆ ಕಾಯುತ್ತಿದ್ದ.

ಯಾರೂ ಬರಲಿಲ್ಲ.

ಹತ್ತು ದಿನ ಬರಲಿಲ್ಲ. ಕೈಪಂಪಿನ ತಲೆಯನ್ನು ಒಬ್ಬನೇ ಬಿಚ್ಚಬಹುದು. ಚೈನು, ಹಿಡಿಕೆ ಒಬ್ಬನೇ ತೆಗೆಯಬಹುದು. ಅವನು ತೆಗೆದ. ಕೆಳಗಿನ ಪೈಪು ಹಾಗಲ್ಲ. ಹತ್ತಡಿಯ ಹದಿನೈದು ಪೈಪು ಒಂದಕ್ಕೊಂದು ತೊಡಿಸಿ ನೆಲದೊಳಗೆ ಇಳಿಬಿಟ್ಟಿರುತ್ತಾರೆ. ಎತ್ತಲು ನಾಲ್ವರು ಬೇಕು, ಹಿಡಿಯಲು ಒಬ್ಬ, ಪಾನಾ ತಿರುಗಿಸಲು ಒಬ್ಬ. ಕೈ ಜಾರಿದರೆ ಎಲ್ಲವೂ ಪಾತಾಳಕ್ಕೆ. ನೀರಿನ ಕೊಡ ಹೊತ್ತ ಹೆಂಗಸರು ದೂರದಿಂದ ಅವನನ್ನು ನೋಡುತ್ತಿದ್ದರು. ನೋಡಿ ಹೋಗುತ್ತಿದ್ದರು.

ಇತ್ತ ಅಜ್ಜನವರ ನಡೆ ಅವನಿಗೆ ಅರ್ಥವಾಗಲಿಲ್ಲ. ಅದೇ ದಾರಿ ನಡೆಯಲು ಅವರಿಗೆ ಒಂದೂವರೆ ತಾಸು. ಬಿಸಿಲೇರಿದ ಮೇಲೆ ಶಾಲೆ ಶುರು. ಮೂವತ್ತು ವರ್ಷ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದ ಕಳಕಪ್ಪನಿಗೆ ಇದು ಸೋಮಾರಿತನ ಅನ್ನಿಸಿತು. ಒಂದು ದಿನ ಬೇಲಿಯ ಸಂದಿಯಲ್ಲಿ ನಿಂತು ನೋಡಿದ. ಅಜ್ಜನವರು ಪ್ರತಿ ಅಂಗಳದಲ್ಲೂ ನಿಲ್ಲುತ್ತಿದ್ದರು. ಕೈ ಹಿಡಿಯುತ್ತಿದ್ದರು, ಕೇಳುತ್ತಿದ್ದರು, ಹೇಳುತ್ತಿದ್ದರು. ಕೊನೆಗೆ ಅಂಗಳದವರು ಒಂದು ಮಾತು ಕೇಳುತ್ತಿದ್ದರು. ಆಗ ಇಬ್ಬರೂ ಬಾಗಿ ಅಂಗೈಯನ್ನು ನೆಲಕ್ಕೆ ಮುಟ್ಟಿಸುತ್ತಿದ್ದರು. ಮೊಣಕಾಲು ನೋವಿನ ಮುದಿ ಜೀವ. ನಲವತ್ತು ಅಂಗಳ. ಕೆಲವು ಅಂಗಳದಲ್ಲಿ ಎರಡು ಸಲ, ಮೂರು ಸಲ. ನಲೇರೊಳ ಅಂಗಳದಲ್ಲಿ ಐದು ಸಲ ಬಾಗಿದ್ದನ್ನು ಅವನು ಎಣಿಸಿದ.

ಇದೇನೋ ಸ್ವಾಮಿಗಳ ಆಟ ಎಂದುಕೊಂಡ. ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಿತು. ಇವರಿಗೆ ಮನೆಯಿಲ್ಲ, ಮಡದಿ ಮಕ್ಕಳಿಲ್ಲ, ಆಡಿಲ್ಲ. ಎಲ್ಲ ಬಿಟ್ಟು ಬಂದ ಸನ್ಯಾಸಿ. ಇವರನ್ನು ಕೊನೆಗೆ ಏನು ಕೇಳುತ್ತಾರೆ? ಪೈಪಿನ ಪಕ್ಕ ಕೂತಾಗಲೂ ಅದೇ, ಉಣ್ಣುವಾಗಲೂ ಅದೇ. ಹುಲಿಗೆವ್ವ ಹೋದ ಮೇಲೆ ಅವನಿಗೆ ಯಾವುದನ್ನಾದರೂ ತಿಳಿಯಬೇಕು ಅನ್ನಿಸಿದ್ದು ಅದೇ ಮೊದಲು.

ಹತ್ತನೆಯ ದಿನ ಸಂಜೆ ಅವನು ಅಜ್ಜನವರ ಮುಂದೆ ನಿಂತ.

"ಅಜ್ಜಾರ, ಬರೂ ಶುಕ್ರವಾರ ಲಾರಿ ಬರ್ತೈತಂತ. ನಾ ಹೋಗ್ತೀನ್ರಿ. ಇಲ್ಲಿ ಕಲಿಯಾಕ ಯಾರಿಗೂ ಮನಸಿಲ್ಲ."

ಅಜ್ಜನವರು ಜೋಳದಂಥ ಕಾಳು ಆರಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಹೋಗೂದಾದ್ರ ಹೋಗು. ನಾಳೆ ಒಂದಿನ ನನ್ನ ಕೂಡ ಸಾಲಿಗೆ ನಡಿ."

ಮರುದಿನ ಕಳಕಪ್ಪ ಅವರ ಹಿಂದೆ ನಡೆದ. ಅಂಗಳದವರು ಅವನ ಕಡೆ ಒಮ್ಮೆ ನೋಡಿದರು, ಕೈ ಚಾಚಲಿಲ್ಲ. ಅಜ್ಜನವರ ಕೈ ಹಿಡಿದರು. ಹತ್ತಿರದಿಂದ ನೋಡಿದಾಗ ಅದು ಆಟವಾಗಿರಲಿಲ್ಲ. ಕುಂಟ ಆಡಿನ ಕಾಲು ಹೇಗಿದೆ ಎಂದು ತಾವು ಕೇಳಿದರೆ ಅಜ್ಜನವರು ಆಡನ್ನೇ ನೋಡಿ ಮುಂದೆ ಹೋಗುತ್ತಿದ್ದರು. ಕೊನೆಯ ಮಾತು ಬಂದಾಗ ಬಾಗುತ್ತಿದ್ದರು. ಮಣ್ಣು ಮುಟ್ಟಿದ ಕೈಯನ್ನು ಒರೆಸಿಕೊಳ್ಳುತ್ತಿರಲಿಲ್ಲ.

ಅರ್ಧ ದಾರಿಗೆ ಒಂದು ಮುಳ್ಳುಮರದ ನೆರಳು. ಅಜ್ಜನವರು ಮೊಣಕಾಲು ತಿಕ್ಕುತ್ತ ಕುಳಿತರು. ಕಳಕಪ್ಪ ತಡೆಯದೆ ಕೇಳಿದ.

"ಅಜ್ಜಾರ, ಇವರು ನಿಮ್ಮನ್ನ ಕಡೀಕ ಏನ್ ಕೇಳ್ತಾರ್ರೀ?"

"ನಮ್ಮವ್ವನ್ನ."

ಕಳಕಪ್ಪನಿಗೆ ತಿಳಿಯಲಿಲ್ಲ. ಅಜ್ಜನವರೇ ಹೇಳಿದರು. ಹದಿನಾರಕ್ಕೆ ಮನೆ ಬಿಟ್ಟವರು ಅವರು. ತಾಯಿ ಹೋದ ಸುದ್ದಿ ಮುಟ್ಟಿದ್ದು ಎರಡು ವರ್ಷ ಕಳೆದ ಮೇಲೆ. ಸನ್ಯಾಸಿಗೆ ಸೂತಕವಿಲ್ಲ, ತಿಥಿಯಿಲ್ಲ. ಆ ಮಾತು ಅಲ್ಲಿಗೆ ಮುಚ್ಚಿತು. ಮತೋಂಡೊಗೆ ಬಂದ ಹೊಸದರಲ್ಲಿ ನಲೇರೊ ಕೇಳಿದಳು: ನಿನಗೆ ಹೆಂಡತಿ ಇಲ್ಲ ಸರಿ, ತಾಯಿಯಾದರೂ ಇದ್ದಾಳಲ್ಲ, ಹೇಗಿದ್ದಾಳೆ? ಹೋದಳು ಎಂದರು. ಹೆಸರೇನು ಎಂದಳು. ಹೇಳಿದರು. ಅಂದಿನಿಂದ ನಲವತ್ತು ಅಂಗಳದವರೂ ದಿನಾ ಕೇಳುತ್ತಾರೆ. ಅವರ ಪಾಲಿಗೆ ಹೋದವರು ಅಂದರೆ ನೆಲದೊಳಗಿನ ಮನೆಗೆ ಹೋದವರು. ಅವರ ಕ್ಷೇಮವನ್ನೂ ಕೇಳಬೇಕು. ನಲೇರೊಳ ಕಡೆ ಹಾಗೆ ಹೋದವರು ಗಂಡ, ಇಬ್ಬರು ಮಕ್ಕಳು, ತಂಗಿ. ಅವಳ ಅಂಗಳದಲ್ಲಿ ಅವರಿಗೆ ನಾಲ್ಕು ಸಲ, ಅಜ್ಜನವರ ತಾಯಿಗೆ ಒಂದು ಸಲ.

"ಸತ್ತವರು ಹೆಂಗದಾರಂದ್ರ ಏನಂತ ಹೇಳೂದ್ರಿ?"

"ಆರಾಮ ಅದಾರ ಅಂತ."

ಆಮೇಲೆ ಅಜ್ಜನವರು ಅಂದರು:

"ಸನ್ಯಾಸ ತಗೊಂಡು ನಾ ಅಕೀನ್ನ ಬಿಟ್ಟು ಬಂದಿದ್ದೆ. ಇವರು ಬಿಡಲಿಲ್ಲ."

ಎದ್ದರು. ಎರಡು ಹೆಜ್ಜೆ ನಡೆದು ತಿರುಗಿದರು.

"ನೀ ಯಾರನ್ನೋ ಬಚ್ಚಿಟ್ಟೀ ಅನ್ನೂದು ಇವರಿಗೆ ಗೊತ್ತೈತಿ. ಯಾಕ ಅನ್ನೂದು ಗೊತ್ತಿಲ್ಲ. ಅದಕ್ಕ ನಿನ್ನ ಪಾನಾ ಮುಟ್ಟವಲ್ರು."

ಉಳಿದ ಅಂಗಳಗಳನ್ನು ಮುಗಿಸಿದರು. ಶಾಲೆಗೆ ಹೋಗಿ ಪಾಠ ಶುರು ಮಾಡಿದರು.

ಮಾರನೆಯ ಬೆಳಿಗ್ಗೆ ಕಳಕಪ್ಪ ಬೇಲಿಯ ಸಂದಿಯ ತನಕ ಹೋದ. ನಿಂತ. ಹಿಂದಿರುಗಿ ಕಾಲುದಾರಿಗೆ ಬಂದ. ನಲೇರೊ ಅಂಗಳ ಗುಡಿಸುತ್ತಿದ್ದಳು. ಇವನೇ ಕೈ ಚಾಚಿದ. ಮುದುಕಿ ಅವನ ಮುಖವನ್ನೂ ಕೈಯನ್ನೂ ನೋಡಿದಳು. ಕಸಬರಿಗೆ ಕೆಳಗಿಟ್ಟು ಕೈ ಹಿಡಿದಳು. ಮನೆ ಚೆನ್ನಾಗಿದೆ. ದಾರಿ ಚೆನ್ನಾಗಿದೆ. ಆಡು ಬಂದವೇನು ಎಂದು ಕೇಳಿ ತಾನೇ ನಕ್ಕಳು. ಮಗಳು ಚೆನ್ನಾಗಿದ್ದಾಳೆ. ಹೆಂಡತಿ?

ಈ ಸಲ ಅವನು ಕೈ ಬಿಡಿಸಿಕೊಳ್ಳಲಿಲ್ಲ. ಬಾಗಿ ಇನ್ನೊಂದು ಕೈಯನ್ನು ನೆಲಕ್ಕೆ ಮುಟ್ಟಿಸಿದ.

ನಲೇರೊ ಪಾಪ ಎನ್ನಲಿಲ್ಲ. ಕಣ್ಣೀರು ಹಾಕಲಿಲ್ಲ. ಹೆಸರೇನು ಎಂದಳು. ಹುಲಿಗೆವ್ವ ಎಂದ. ಅವಳಿಗೆ ನಾಲಿಗೆ ಹೊರಳಲಿಲ್ಲ. ಹುಲಗೇವ ಎಂದಳು, ಹುಲಿಗಾವಾ ಎಂದಳು. ಕಳಕಪ್ಪ ತಿದ್ದಿದ. ಮೂರು ಸಲ, ನಾಲ್ಕು ಸಲ. ಆಕೆ ಹೋದಾಗಿನಿಂದ ಬಾಯಿಗೆ ತಂದುಕೊಳ್ಳದ ಹೆಸರನ್ನು ಅವನು ಒಬ್ಬ ಮುದುಕಿಗೆ ಅಕ್ಷರ ಕಲಿಸಿದ ಹಾಗೆ ಬಿಡಿಸಿ ಬಿಡಿಸಿ ಹೇಳಿದ. ಮತೋಂಡೊದಲ್ಲಿ ಅವನು ಕಲಿಸಿದ ಮೊದಲ ಪಾಠ ಅದು.

ಹೆಸರು ನಾಲಿಗೆಗೆ ಬಂದ ಮೇಲೆ ಅವಳು ಸರಿಯಾಗಿ ನಿಂತು ಕೇಳಿದಳು: ಹುಲಿಗೆವ್ವ ಹೇಗಿದ್ದಾಳೆ? ಬಾಗಿ ನೆಲ ಮುಟ್ಟಿದಳು. ಅವನೂ ಮುಟ್ಟಿದ. ಚೆನ್ನಾಗಿದ್ದಾಳೆ ಎಂದ.

ಮುದುಕಿ ಬೇಲಿಯ ಕಡೆ ತಿರುಗಿ ಆ ಹೆಸರನ್ನು ಪಕ್ಕದ ಅಂಗಳಕ್ಕೆ ಕೂಗಿದಳು. ಅವರು ಆಚೆಯ ಅಂಗಳಕ್ಕೆ ಕೂಗಿದರು. ಕಳಕಪ್ಪ ಎರಡನೆಯ ಅಂಗಳಕ್ಕೆ ಬರುವಷ್ಟರಲ್ಲಿ ಹೆಸರು ಅವನಿಗಿಂತ ಮುಂದೆ ಹೋಗಿತ್ತು. ನಲವತ್ತು ಅಂಗಳ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಕೆಲಸಕ್ಕೆ ತಡವಾಗಿ ಹೋದ.

ಪಂಪಿನ ಹತ್ತಿರ ಐದು ಜನ ಹೆಂಗಸರು, ಮೂವರು ಗಂಡಸರು ನಿಂತಿದ್ದರು. ಒಬ್ಬಳ ಕೈಯಲ್ಲಿ ಆಗಲೇ ಪಾನಾ ಇತ್ತು, ತಲೆಕೆಳಗಾಗಿ ಹಿಡಿದಿದ್ದಳು. ಅವನು ತಿರುಗಿಸಿ ಕೊಟ್ಟ. ಅಂದು ಆರು ಪೈಪು ಮೇಲೆ ಬಂದವು. ಮರುದಿನ ಉಳಿದ ಒಂಬತ್ತು. ತಳದ ವಾಷರು ಒಣಗಿ ಸೀಳಿ ಹೋಗಿತ್ತು. ಅದನ್ನು ಅವರ ಕೈಯಿಂದಲೇ ಬದಲಾಯಿಸಿದ. ಶುಕ್ರವಾರ ಲಾರಿ ಬಂದಾಗ ಕಳಕಪ್ಪ ಪೈಪು ಇಳಿಸುತ್ತಿದ್ದ. ಲಾರಿ ಸ್ವಲ್ಪ ಹೊತ್ತು ಹಾರ್ನ್ ಹಾಕಿ ಹೋಯಿತು.

ಅಂದು ಸಂಜೆ ಮೊದಲ ಕೊಡದ ನೀರನ್ನು ನಲೇರೊ ಅಜ್ಜನವರಿಗೆ ಕಳಿಸಿದಳು. ಹೊತ್ತು ತಂದವನು ಕಳಕಪ್ಪ. ಅಜ್ಜನವರು ಚಾಪೆಯ ಮೇಲೆ ಕುಳಿತಿದ್ದರು. ಅವನನ್ನು ಕಂಡು ಗೋಡೆ ಹಿಡಿದು ಎದ್ದರು. ಬಂದ ದಿನದಿಂದ ಒಮ್ಮೆಯೂ ಎತ್ತದ ಮಾತನ್ನು ಅಂದು ಎತ್ತಿದರು.

"ಹುಲಿಗೆವ್ವ ಹೆಂಗದಾಳ, ಕಳಕಪ್ಪ?"

ನೋಯುವ ಮೊಣಕಾಲನ್ನು ಮಡಿಸಿ ಪೂಜ್ಯರು ನೆಲ ಮುಟ್ಟಿದರು.

ನಲವತ್ತು ಅಂಗಳದಲ್ಲಿ ಹೇಳಿದ್ದ ಮಾತೇ. ಕನ್ನಡದಲ್ಲಿ ಇನ್ನೂ ಹೇಳಿರಲಿಲ್ಲ. ಕೊಡ ಇಳಿಸಿದ. ಬಾಗಿದ. ಅಂಗೈ ನೆಲಕ್ಕೆ ಹಚ್ಚಿ ಹಾಗೇ ಕುಳಿತ.

"ಆರಾಮ ಅದಾಳ್ರಿ, ಅಜ್ಜಾರ."

ಅಜ್ಜನವರು ಕಾದರು. ಪದ್ಧತಿಯಂತೆ ಮುಂದಿನ ಮಾತು ಅವನದು. ಕಳಕಪ್ಪನಿಗೆ ಅದು ತಡವಾಗಿ ಹೊಳೆಯಿತು.

"ನಿಮ್ಮವ್ವಾರು ಹೆಂಗದಾರ್ರೀ?"

ಹದಿಮೂರು ವರ್ಷ ದಿನಕ್ಕೆ ನಲವತ್ತು ಸಲ ಆ ಮಾತಿಗೆ ಉತ್ತರ ಕೊಟ್ಟವರು ಅಜ್ಜನವರು. ಅವರವ್ವನ ಭಾಷೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ನೆಲದ ಮೇಲಿಟ್ಟ ಕೈಯನ್ನು ಬಹಳ ಹೊತ್ತು ಎತ್ತಲಿಲ್ಲ.

"ಆರಾಮ ಅದಾಳಪ್ಪಾ," ಎಂದರು.

ಮಠದ ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದ ಕಳಕಪ್ಪ ಅಂದು ಅವರ ಪಾದಕ್ಕೆ ಹಣೆ ಹಚ್ಚಿದ.