ಬೇಕು, ಸಾಕು ಮತ್ತು ಡ್ರಿಲ್ ಮೇಷ್ಟ್ರು

ನದಿಯಂಚಿನ ಕಡಿದಾದ ಗುಡ್ಡ. ಅದರ ಬುಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಅಡುಗೆಯ ಚೌಡಮ್ಮ, ಮತ್ತೆ ಮೊಣಕಾಲೆತ್ತರವೂ ಇಲ್ಲದ ಎರಡು ನಾಯಿಗಳು.

ಮೊದಲು ಬಂದ ನಾಯಿ ಊಟ ಮುಗಿದರೂ ತಟ್ಟೆ ಬಿಟ್ಟು ಏಳಲಿಲ್ಲ. ಗುರುಗಳು ಅದಕ್ಕೆ ಬೇಕು ಎಂದು ಹೆಸರಿಟ್ಟರು. ಎರಡನೆಯದು ಬಂದಾಗ ಚೌಡಮ್ಮ ಕೈ ಮುಗಿದು, "ಗುರುಗಳೇ, ಇನ್ನು ಸಾಕು" ಎಂದಳು. ಅದರ ಹೆಸರು ಸಾಕು ಎಂದಾಯಿತು.

ಬೇಕುವನ್ನು ಕರೆದರೆ ಬರುವುದೂ ಬಿಡುವುದೂ ಅದರ ಮರ್ಜಿ. ಸಾಕುವನ್ನು ಕರೆದರೆ ಮಾತ್ರ ಬೇಕು ಎಲ್ಲಿದ್ದರೂ ಮೊದಲು ಓಡಿ ಬರುತ್ತಿತ್ತು.

ಶಿಷ್ಯ ಸಿದ್ಧವೀರಪ್ಪ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಗುರುಗಳು ಎಂದಾದರೂ ತನ್ನ ಕಿವಿಯಲ್ಲಿ ಮಂತ್ರ ಹೇಳುತ್ತಾರೆಂದು ನಾಲ್ಕು ವರ್ಷದಿಂದ ಕಾಯುತ್ತಿದ್ದ. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಇರಲಿಲ್ಲ.

ಒಂದು ಬೆಳಿಗ್ಗೆ ಗುರುಗಳು ಹೇಳಿದರು: "ನಾಯಿಗಳನ್ನು ಕರ್ಕೊಂಡು ಬಾ. ಗುಡ್ಡ ಹತ್ತೋಣ. ಇವತ್ತು ನಿನಗೆ ಮಂತ್ರ ಸಿಗುತ್ತೆ."

ಸಿದ್ಧವೀರಪ್ಪ ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಹೊರಟ.

ಕಾಡಿನೊಳಗಿನ ಕಾಲುದಾರಿ ಗುಡ್ಡದ ಅಂಚು ಹಿಡಿದು ಏರುತ್ತಿತ್ತು. ಮೊದಲ ಹಾಸುಬಂಡೆ ಸಿಕ್ಕಿದ್ದೇ ಗುರುಗಳು ಕುಳಿತರು. ಕೆಳಗೆ ನದಿ ಮಿರುಗುತ್ತಿತ್ತು.

"ಇಲ್ಲೇ ಹೇಳ್ತೀರಾ ಗುರುಗಳೇ?"

"ನದಿ ನೋಡು."

"ನೋಡಿದೆ."

"ಯಾವ ಕಡೆಗೆ ಹರೀತಿದೆ?"

ಸಿದ್ಧವೀರಪ್ಪ ತಲೆ ಕೆರೆದುಕೊಂಡ. "ಇನ್ನೂ ಮೇಲೆ ಹೋದರೆ ಚೆನ್ನಾಗಿ ಕಾಣುತ್ತಲ್ವಾ?"

ಗುರುಗಳು ನಕ್ಕು ಎದ್ದರು.

ಸಾಕು ಪೊದೆಪೊದೆಗೂ ನಿಂತು ಮೂಸುತ್ತಿತ್ತು. ಹೀಗಾದರೆ ಸಂಜೆಯಾಗುತ್ತದೆ ಎಂದು ಸಿದ್ಧವೀರಪ್ಪ ಅದನ್ನೆತ್ತಿ ಹೆಗಲಚೀಲಕ್ಕೆ ತುಂಬಿದ. ಅದು ಚೀಲದಿಂದ ತಲೆ ಹೊರಗಿಟ್ಟು ಆರಾಮಾಗಿ ನದಿ ನೋಡುತ್ತ ಸಾಗಿತು.

ಎರಡನೆಯ ಬಂಡೆಯ ಮೇಲೆ ಒಂದು ಓತಿಕ್ಯಾತ ಬಿಸಿಲು ಕಾಯುತ್ತಿತ್ತು. ಬೇಕು ಅದನ್ನು ಅಟ್ಟಿಸಿಕೊಂಡು ಹೋಗಿ, ಓರೆ ಬಂಡೆಯಲ್ಲಿ ಜಾರಿ, ಕೆಳಗೆ ಚಾಚಿಕೊಂಡಿದ್ದ ಕಲ್ಲಿನ ಮೇಲೆ ನಿಂತಿತು. ಅದರಾಚೆಗೆ ಪ್ರಪಾತ.

ಕೈ ಚಾಚಿದರೆ ಎಟುಕದು. ಸಿದ್ಧವೀರಪ್ಪ ತನ್ನ ಮೈದಾನದ ಗಂಟಲಿನಲ್ಲಿ ಕೂಗಿದ: "ಬೇಕು, ಬೇಕು."

ಎದುರು ಗುಡ್ಡವೂ ಕೂಗಿತು: "ಬೇಕು, ಬೇಕು."

ಯಾರೋ ಅತ್ತಲಿಂದ ಕರೆಯುತ್ತಿದ್ದಾರೆ ಎಂದು ನಾಯಿ ಎದುರು ಗುಡ್ಡದ ಕಡೆಗೆ ತಿರುಗಿ ಒಂದು ಹೆಜ್ಜೆ ಇಟ್ಟಿತು. ಸಿದ್ಧವೀರಪ್ಪ ಇನ್ನೂ ಜೋರಾಗಿ ಕೂಗಿದ. ಗುಡ್ಡವೂ ಜೋರಾಗಿ ಕೂಗಿತು. ನಾಯಿ ಇನ್ನೊಂದು ಹೆಜ್ಜೆ ಇಟ್ಟಿತು. ಅದರ ಕಾಲಡಿಯ ಹರಳು ಉದುರಿದವು, ಬಿದ್ದ ಸದ್ದು ಕೇಳಲಿಲ್ಲ.

ಗುರುಗಳು ಮೆಲ್ಲಗೆ ಅವನ ಪಕ್ಕಕ್ಕೆ ಬಂದು ಕೇಳಿದರು: "ನಿನಗೇನು ಬೇಕಪ್ಪ?"

ಸಿದ್ಧವೀರಪ್ಪನಿಗೆ ಅಳು ಒತ್ತರಿಸಿ ಬಂತು. "ನಂಗೆ ಮಂತ್ರವೂ ಬೇಡ, ಏನೂ ಬೇಡ. ಆ ನಾಯಿ ಬದುಕಿದ್ರೆ ಸಾಕು. ಸಾಕು ಗುರುಗಳೇ, ಸಾಕು." ಅಳುವಾಗಲೂ ಅದೇ ಮೈದಾನದ ಗಂಟಲು.

ಚೀಲದೊಳಗಿನ ಸಾಕು ತನ್ನನ್ನೇ ಕರೆದರೆಂದು ಬೊಗಳಿತು.

ಬೇಕುವಿನ ಕಿವಿ ನೆಟ್ಟಗಾದವು. ತನ್ನನ್ನು ಬಿಟ್ಟು ಇಲ್ಲೇನೋ ಹಂಚುತ್ತಿದ್ದಾರೆ ಅಂದುಕೊಂಡಿತೋ ಏನೋ, ಎದುರು ಗುಡ್ಡಕ್ಕೆ ಬೆನ್ನು ತಿರುಗಿಸಿ, ಓರೆ ಬಂಡೆಯನ್ನು ಪರಪರ ಕೆರೆದು ಹತ್ತಿ, ಚೀಲದೊಳಗೆ ಮೂತಿ ತೂರಿಸಿತು.

ಸಿದ್ಧವೀರಪ್ಪ ಅಲ್ಲೇ ಕುಸಿದು ಕೂತು ಎರಡನ್ನೂ ತಬ್ಬಿಕೊಂಡ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಹಾಗೇ ಕೂತು ಕೆಳಗಿನ ನದಿಯನ್ನು ನೋಡಿದ.

ಆಮೇಲೆ ಅವನೇ ಹೇಳಿದ: "ಪೂರ್ವಕ್ಕೆ ಹರೀತಿದೆ ಗುರುಗಳೇ, ನದಿ."

"ಮೇಲೆ ಇನ್ನೂ ಒಂದು ಬಂಡೆ ಇದೆ. ಹೋಗೋಣವಾ?"

"ಇಲ್ಲೇ ಸ್ವಲ್ಪ ಹೊತ್ತು ಕೂತಿರೋಣ."

ಬಿಸಿಲೇರಿದ ಮೇಲೆ ಇಳಿದರು. ಚೌಡಮ್ಮನ ಒಗ್ಗರಣೆಯ ಘಮಕ್ಕೆ ನಾಯಿಗಳೆರಡೂ ಮುಂದೆ ಓಡಿದವು. ಆಶ್ರಮದ ಬಾಗಿಲಲ್ಲಿ ಸಿದ್ಧವೀರಪ್ಪನಿಗೆ ತಟ್ಟನೆ ನೆನಪಾಯಿತು. ಬಗ್ಗಿ, ಗುರುಗಳ ಬಾಯಿಯ ಹತ್ತಿರಕ್ಕೆ ಕಿವಿ ತಂದ.

"ಗುರುಗಳೇ, ಮಂತ್ರ?"

"ಗುಡ್ಡಕ್ಕೆಲ್ಲ ಕೇಳೋ ಹಾಗೆ ನೀನೇ ಹೇಳಿದೆಯಲ್ಲಪ್ಪ. ಇನ್ನು ಕಿವಿಯಲ್ಲಿ ಹೇಳೋದಕ್ಕೇನಿದೆ?"